ಸಂಪರ್ಕ ವಿಮಾನ (ದೇಶೀಯ ಮತ್ತು ಅಂತರರಾಷ್ಟ್ರೀಯ)

ಸಂಪರ್ಕ ವಿಮಾನ ಎಂದರೆ, ಹೊರಟ ಊರಿನಿಂದ ತಲುಪಬೇಕಾದ ಊರಿಗೆ ಒಂದೇ ವಿಮಾನದಲ್ಲಿ ಹೋಗದೆ, ನಡುವಿನ ನಿಲ್ದಾಣವೊಂದರಲ್ಲಿ ಇಳಿದು ಪ್ರಯಾಣಿಕರು ಹತ್ತುವ ಮುಂದಿನ ವಿಮಾನ. ಆಡುಮಾತಿನಲ್ಲಿ ಇದನ್ನು ಕನೆಕ್ಟಿಂಗ್ ಫ್ಲೈಟ್ ಎನ್ನುತ್ತಾರೆ. ಮೊದಲ ವಿಮಾನವು ಬಂದು ತಲುಪುವ ನಿಗದಿತ ವೇಳೆಗೂ ಎರಡನೆಯದು ಹೊರಡುವ ನಿಗದಿತ ವೇಳೆಗೂ ನಡುವಿನ ಅಂತರವನ್ನು ಸಂಪರ್ಕಾವಧಿ ಎಂದು ಕರೆಯಬಹುದು. ಎರಡೂ ವಿಮಾನಗಳು ಒಂದೇ ದೇಶದೊಳಗೆ ಹಾರುವುದಾದರೆ ಈ ಬದಲಾವಣೆ ಬಹುಮಟ್ಟಿಗೆ ಸರಳ. ಒಂದು ದೇಶೀಯ, ಇನ್ನೊಂದು ಅಂತರರಾಷ್ಟ್ರೀಯ ಆದಾಗ ನಡುವೆ ದೇಶದ ಗಡಿ ಬರುತ್ತದೆ. ವಲಸೆ ತಪಾಸಣೆ, ಸುಂಕ ತಪಾಸಣೆ, ಮತ್ತೊಮ್ಮೆ ಭದ್ರತಾ ತಪಾಸಣೆ, ಹಲವು ಕಡೆ ಟರ್ಮಿನಲ್ ಬದಲಾವಣೆ ಇವೆಲ್ಲವೂ ಆ ಅವಧಿಯೊಳಗೇ ಮುಗಿಯಬೇಕಾಗುತ್ತದೆ.

ಕರ್ನಾಟಕದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಶಿವಮೊಗ್ಗ ಮೊದಲಾದ ನಿಲ್ದಾಣಗಳಿಂದ ದೇಶದೊಳಗಿನ ವಿಮಾನಗಳು ಮಾತ್ರ ಹಾರುತ್ತವೆ. ಮಂಗಳೂರಿನಿಂದ ಕೊಲ್ಲಿ ರಾಷ್ಟ್ರಗಳಿಗೆ ನೇರ ವಿಮಾನಗಳಿದ್ದರೂ ಯೂರೋಪು, ಅಮೆರಿಕಗಳಿಗೆ ಇಲ್ಲ. ಹೀಗಾಗಿ ಈ ಊರುಗಳ ಜನರು ಮಕ್ಕಳನ್ನು ನೋಡಲೋ ಓದಲೋ ದುಡಿಯಲೋ ದೂರದೇಶಕ್ಕೆ ಹೊರಟಾಗ ಬೆಂಗಳೂರು, ಮುಂಬಯಿ, ದೆಹಲಿ ಅಥವಾ ಹೊರದೇಶದ ಯಾವುದಾದರೂ ನಿಲ್ದಾಣದಲ್ಲಿ ವಿಮಾನ ಬದಲಿಸುವುದು ಅನಿವಾರ್ಯ. ಬದಲಾವಣೆಗೆ ಎಷ್ಟು ಹೊತ್ತು ಬೇಕು ಎಂಬುದೇ ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಆದರೆ ನಿಮಿಷಗಳ ಲೆಕ್ಕಕ್ಕಿಂತ ಮೊದಲು ತಿಳಿಯಬೇಕಾದವು ಎರಡು: ಇಡೀ ಪ್ರಯಾಣವು ಒಂದೇ ಟಿಕೆಟ್ಟಿನಲ್ಲಿದೆಯೇ, ಮತ್ತು ಗಡಿಯ ತಪಾಸಣೆಗಳು ಯಾವ ನಿಲ್ದಾಣದಲ್ಲಿ ನಡೆಯುತ್ತವೆ.

ಕನಿಷ್ಠ ಸಂಪರ್ಕಾವಧಿ

ಪ್ರತಿಯೊಂದು ದೊಡ್ಡ ನಿಲ್ದಾಣಕ್ಕೂ ಕನಿಷ್ಠ ಸಂಪರ್ಕಾವಧಿ ಎಂಬ ಗೊತ್ತಾದ ಪ್ರಮಾಣವಿದೆ. ದೇಶೀಯದಿಂದ ದೇಶೀಯ, ದೇಶೀಯದಿಂದ ಅಂತರರಾಷ್ಟ್ರೀಯ, ಅಂತರರಾಷ್ಟ್ರೀಯದಿಂದ ದೇಶೀಯ, ಅಂತರರಾಷ್ಟ್ರೀಯದಿಂದ ಅಂತರರಾಷ್ಟ್ರೀಯ ಎಂಬ ನಾಲ್ಕು ಬಗೆಗಳಿಗೆ ಇದು ಬೇರೆಬೇರೆಯಾಗಿರುತ್ತದೆ. ಟರ್ಮಿನಲ್ ಯಾವುದು, ವಿಮಾನಯಾನ ಸಂಸ್ಥೆಗಳು ಯಾವುವು ಎಂಬುದರ ಮೇಲೂ ಬದಲಾಗುತ್ತದೆ. ಟಿಕೆಟ್ ಕಾಯ್ದಿರಿಸುವ ಗಣಕ ವ್ಯವಸ್ಥೆಗಳಲ್ಲಿ ಈ ಅಂಕಿಗಳು ದಾಖಲಾಗಿರುತ್ತವೆ. ಅದಕ್ಕಿಂತ ಕಡಿಮೆ ಅಂತರವಿರುವ ಎರಡು ವಿಮಾನಗಳನ್ನು ವ್ಯವಸ್ಥೆಯು ಒಂದೇ ಟಿಕೆಟ್ಟಿನಲ್ಲಿ ಜೋಡಿಸಿ ಮಾರುವುದಿಲ್ಲ.

ವಿಯೆನ್ನಾ ನಿಲ್ದಾಣವು 25 ನಿಮಿಷಗಳ ಕನಿಷ್ಠ ಅವಧಿಗೆ ಹೆಸರಾದುದು. ಫ್ರಾಂಕ್‌ಫರ್ಟಿನಲ್ಲಿ ಇದು ಸಾಮಾನ್ಯವಾಗಿ 45 ನಿಮಿಷ. ಭಾರತದ ನಿಲ್ದಾಣಗಳಲ್ಲಿ ದೇಶೀಯ ಮತ್ತು ಅಂತರರಾಷ್ಟ್ರೀಯ ವಿಮಾನಗಳ ನಡುವಿನ ಅವಧಿ ಇದಕ್ಕಿಂತ ಹೆಚ್ಚು. ಈ ಅಂಕಿಯನ್ನು ಸುರಕ್ಷಿತ ಅವಧಿ ಎಂದು ಓದುವುದು ಸರಿಯಲ್ಲ. ಎಲ್ಲವೂ ವೇಳೆಗೆ ಸರಿಯಾಗಿ ನಡೆದರೆ ಬದಲಾವಣೆ ಸಾಧ್ಯ ಎಂಬುದಷ್ಟೇ ಅದರ ಅರ್ಥ.

ಒಂದು ಸರಳ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಟಿಕೆಟ್ಟಿನಲ್ಲಿ 90 ನಿಮಿಷಗಳ ಅಂತರವಿದೆ ಎಂದುಕೊಳ್ಳೋಣ. ಹಿಂದಿನ ಸಾಲುಗಳಲ್ಲಿ ಕುಳಿತವರು ವಿಮಾನದಿಂದ ಹೊರಬರಲು 15 ನಿಮಿಷ ಬೇಕಾಗುವುದು ಅಪರೂಪವಲ್ಲ. ಮುಂದಿನ ವಿಮಾನದ ದ್ವಾರವನ್ನು ಹೊರಡುವ ವೇಳೆಗೆ 20ರಿಂದ 25 ನಿಮಿಷ ಮೊದಲೇ ಮುಚ್ಚುತ್ತಾರೆ. ಉಳಿಯುವುದು 50 ನಿಮಿಷ. ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ಉಳಿಯುವುದು 20 ನಿಮಿಷ. ವಲಸೆ ತಪಾಸಣೆಯ ಸಾಲು ಒಂದಕ್ಕೇ ಅಷ್ಟು ಸಾಲದು.

ಒಂದು ಟಿಕೆಟ್, ಎರಡು ಟಿಕೆಟ್

ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿದ ಪ್ರಯಾಣವು ಕಾನೂನಿನ ದೃಷ್ಟಿಯಲ್ಲಿ ಒಂದೇ ಒಪ್ಪಂದ. ಹುಬ್ಬಳ್ಳಿಯಿಂದ ಲಂಡನ್ನಿಗೆ ಟಿಕೆಟ್ ಕೊಟ್ಟ ಸಂಸ್ಥೆಯು ಪ್ರಯಾಣಿಕರನ್ನು ಲಂಡನ್ನಿಗೆ ತಲುಪಿಸಲು ಬದ್ಧವಾಗಿರುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಜಾಗವಿರುವ ಮುಂದಿನ ವಿಮಾನದಲ್ಲಿ ಹೆಚ್ಚುವರಿ ಹಣವಿಲ್ಲದೆ ಕಳುಹಿಸುವುದು ಅದರ ಹೊಣೆ. ಲಗೇಜನ್ನು ಕೊನೆಯ ಊರಿನವರೆಗೆ ನೋಂದಾಯಿಸುವುದೂ ಸಾಮಾನ್ಯವಾಗಿ ಈ ಬಗೆಯ ಟಿಕೆಟ್ಟಿನಲ್ಲಿ ಮಾತ್ರ ಖಚಿತ.

ಎರಡು ಟಿಕೆಟ್ಟುಗಳನ್ನು ಬೇರೆಬೇರೆಯಾಗಿ ಕೊಂಡಾಗ ಒಪ್ಪಂದಗಳೂ ಎರಡು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕರೆತಂದ ಸಂಸ್ಥೆಯ ಹೊಣೆ ಬೆಂಗಳೂರಿನಲ್ಲಿ ಮುಗಿಯುತ್ತದೆ. ಲಂಡನ್ನಿನ ವಿಮಾನದ ಸಂಸ್ಥೆಗೆ, ಪ್ರಯಾಣಿಕರು ಹುಬ್ಬಳ್ಳಿಯಿಂದ ವಿಮಾನದಲ್ಲಿ ಬಂದರೋ ಬಸ್ಸಿನಲ್ಲಿ ಬಂದರೋ ಎಂಬುದು ಸಂಬಂಧಿಸಿದ ವಿಷಯವೇ ಅಲ್ಲ. ವೇಳೆಗೆ ಬಾರದವರನ್ನು ಅದು ಗೈರುಹಾಜರಿ ಎಂದು ದಾಖಲಿಸುತ್ತದೆ, ಟಿಕೆಟ್ಟಿನ ಹಣದ ದೊಡ್ಡ ಭಾಗ ಹೋಗುತ್ತದೆ. ಬೇರೆ ಟಿಕೆಟ್ಟುಗಳನ್ನು ಕೂಡಿಸಿದಾಗ ಎರಡು ಮೂರು ಸಾವಿರ ರೂಪಾಯಿ ಉಳಿಯುವುದುಂಟು. ಆ ಉಳಿತಾಯಕ್ಕೆ ಪಣವಾಗಿರುವುದು ಇಡೀ ವಿದೇಶ ಪ್ರಯಾಣದ ಟಿಕೆಟ್ಟು ಎಂಬುದನ್ನು ತೂಗಿ ನೋಡಬೇಕು.

ಕೆಲವು ಜಾಲತಾಣಗಳು ಎರಡು ಬೇರೆ ಟಿಕೆಟ್ಟುಗಳನ್ನು ಒಂದೇ ಪ್ರಯಾಣವೆಂಬಂತೆ ಒಟ್ಟಿಗೆ ತೋರಿಸಿ ಮಾರುತ್ತವೆ. ಇದನ್ನು ಸ್ವಯಂ ವರ್ಗಾವಣೆ ಎಂಬರ್ಥದ ಸಣ್ಣ ಸೂಚನೆಯೊಂದಿಗೆ ಕೊಡುವುದುಂಟು. ಒಂದೇ ರಸೀದಿ ಇದ್ದ ಮಾತ್ರಕ್ಕೆ ಟಿಕೆಟ್ ಒಂದೇ ಆಗುವುದಿಲ್ಲ. ಗುರುತಿಸುವ ದಾರಿ ಟಿಕೆಟ್ ಸಂಖ್ಯೆ. ಇ-ಟಿಕೆಟ್ಟಿನ ಮೇಲೆ 13 ಅಂಕೆಗಳ ಸಂಖ್ಯೆಯೊಂದಿರುತ್ತದೆ, ಅದರ ಮೊದಲ ಮೂರು ಅಂಕೆಗಳು ಟಿಕೆಟ್ ಕೊಟ್ಟ ಸಂಸ್ಥೆಯ ಗುರುತು (ಏರ್ ಇಂಡಿಯಾದ್ದು 098). ಎಲ್ಲ ಹಂತಗಳೂ ಆ ಒಂದೇ ಸಂಖ್ಯೆಯಡಿ ಇದ್ದರೆ ಪ್ರಯಾಣ ಒಂದೇ ಟಿಕೆಟ್ಟಿನದು. ಅಗ್ಗದ ದರದ ಹಲವು ಸಂಸ್ಥೆಗಳು ಇಂಥ ಟಿಕೆಟ್ಟನ್ನು ಕೊಡದೆ ಪಿಎನ್‌ಆರ್ ಸಂಖ್ಯೆಯನ್ನಷ್ಟೇ ಕೊಡುತ್ತವೆ. ಅಲ್ಲಿ ಎಲ್ಲ ಹಂತಗಳೂ ಒಂದೇ ಪಿಎನ್‌ಆರ್‌ನಲ್ಲಿವೆಯೇ ಎಂದು ನೋಡಬೇಕು.

ಒಂದೇ ಟಿಕೆಟ್ಟಿನ ಪ್ರಯಾಣಿಕರು ಅರಿಯಬೇಕಾದ ಇನ್ನೊಂದು ನಿಯಮವಿದೆ. ಟಿಕೆಟ್ಟಿನ ಹಂತಗಳನ್ನು ಕ್ರಮವಾಗಿಯೇ ಬಳಸಬೇಕು. ಮಂಗಳೂರು–ಮುಂಬಯಿ–ಲಂಡನ್ ಟಿಕೆಟ್ ಇರುವವರು, ನೆಂಟರ ಮನೆಯ ಕಾರಣಕ್ಕೆ ಎರಡು ದಿನ ಮೊದಲೇ ರೈಲಿನಲ್ಲಿ ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಹತ್ತೋಣ ಎಂದುಕೊಂಡರೆ ಅದು ಆಗದು. ಮೊದಲ ಹಂತಕ್ಕೆ ಹಾಜರಾಗದಿದ್ದರೆ ಉಳಿದ ಎಲ್ಲ ಹಂತಗಳೂ, ಹಲವು ವೇಳೆ ಹಿಂದಿರುಗುವ ಪ್ರಯಾಣವೂ ಸೇರಿ, ತಾವಾಗಿ ರದ್ದಾಗುತ್ತವೆ. ಬಸ್ಸಿನ ಟಿಕೆಟ್ಟಿನ ಅಭ್ಯಾಸದಿಂದ ಯೋಚಿಸುವವರಿಗೆ ಇದು ವಿಚಿತ್ರವೆನಿಸಿದರೂ ವಿಮಾನಯಾನದಲ್ಲಿ ಇದು ವ್ಯಾಪಕವಾದ ಷರತ್ತು. ಬದಲಾವಣೆ ಬೇಕಿದ್ದರೆ ಮೊದಲೇ ಸಂಸ್ಥೆಯನ್ನು ಕೇಳಿ ಟಿಕೆಟ್ಟನ್ನು ತಿದ್ದಿಸಿಕೊಳ್ಳಬೇಕು.

ದೇಶೀಯದಿಂದ ಅಂತರರಾಷ್ಟ್ರೀಯಕ್ಕೆ

ಭಾರತದಿಂದ ಹೊರಹೋಗುವಾಗ ವಲಸೆ ತಪಾಸಣೆಯು ಸಾಮಾನ್ಯವಾಗಿ ದೇಶವನ್ನು ಬಿಡುವ ಕೊನೆಯ ನಿಲ್ದಾಣದಲ್ಲಿ ನಡೆಯುತ್ತದೆ. ಒಂದೇ ಟಿಕೆಟ್ಟಿನವರ ಲಗೇಜು ಒಳಗಿನಿಂದಲೇ ಮುಂದಿನ ವಿಮಾನಕ್ಕೆ ಸಾಗುವುದರಿಂದ ಈ ದಿಕ್ಕಿನ ಬದಲಾವಣೆ ತುಸು ಹಗುರ. ಮೊದಲ ನಿಲ್ದಾಣದಲ್ಲಿ ಲಗೇಜಿಗೆ ಅಂಟಿಸುವ ಪಟ್ಟಿಯ ಮೇಲಿನ ಮೂರಕ್ಷರದ ಸಂಕೇತವನ್ನು ಅಲ್ಲಿಯೇ ಓದಿ ನೋಡಬೇಕು. ಬೆಂಗಳೂರಿಗೆ ಬಿಎಲ್‌ಆರ್, ಮುಂಬಯಿಗೆ ಬಿಒಎಂ, ದೆಹಲಿಗೆ ಡಿಇಎಲ್ ಎಂಬಂತೆ ಪ್ರತಿ ನಿಲ್ದಾಣಕ್ಕೂ ಒಂದು ಸಂಕೇತವಿದೆ. ಪಟ್ಟಿಯಲ್ಲಿ ದೊಡ್ಡದಾಗಿ ಅಚ್ಚಾದದ್ದು ಕೊನೆಯ ಊರಿನ ಸಂಕೇತವಾಗಿದ್ದರೆ ಲಗೇಜು ಅಲ್ಲಿಯವರೆಗೆ ನೋಂದಣಿಯಾಗಿದೆ. ನಡುವಿನ ಊರಿನದಾಗಿದ್ದರೆ ಅಲ್ಲಿ ಪಡೆದುಕೊಂಡು ಮತ್ತೆ ಒಪ್ಪಿಸಬೇಕು. ಕೌಂಟರಿನ ಸಿಬ್ಬಂದಿಯನ್ನು ಬಾಯಿಬಿಟ್ಟು ಕೇಳಲು ಸಂಕೋಚ ಬೇಡ.

ಟರ್ಮಿನಲ್ ಬದಲಾವಣೆಯೇ ಇಲ್ಲಿ ಹೆಚ್ಚು ಹೊತ್ತನ್ನು ನುಂಗುವುದು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ 24ರಂದು ಆರಂಭವಾದಾಗ ಎಲ್ಲ ವಿಮಾನಗಳಿಗೂ ಒಂದೇ ಟರ್ಮಿನಲ್ ಇತ್ತು. ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಗೊಂಡು, 2023ರ ಜನವರಿಯಲ್ಲಿ ದೇಶೀಯ ವಿಮಾನಗಳಿಗೆ ತೆರೆಯಿತು. ಅದೇ ವರ್ಷದ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಅಲ್ಲಿಗೆ ಸ್ಥಳಾಂತರಗೊಂಡವು. ಇದರ ಪರಿಣಾಮವಾಗಿ, ಮೊದಲ ಟರ್ಮಿನಲ್ಲಿನಲ್ಲಿ ಬಂದಿಳಿಯುವ ದೇಶೀಯ ಪ್ರಯಾಣಿಕರು ವಿದೇಶಕ್ಕೆ ಹೊರಡಲು ಎರಡನೆಯದಕ್ಕೆ ಹೋಗಬೇಕು. ಬಸ್ ವ್ಯವಸ್ಥೆ ಇದೆಯಾದರೂ ಬಸ್ಸಿಗೆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದೆಹಲಿಯಲ್ಲಿ 2010ರಲ್ಲಿ ತೆರೆದ ಮೂರನೆಯ ಟರ್ಮಿನಲ್ಲಿನಿಂದ ಅಂತರರಾಷ್ಟ್ರೀಯ ವಿಮಾನಗಳು ಹೊರಡುತ್ತವೆ. ಎರಡನೆಯ ಟರ್ಮಿನಲ್ ಅದರ ಪಕ್ಕದಲ್ಲೇ ಇದೆ, ಮೊದಲನೆಯದು ಮಾತ್ರ ಕೆಲವು ಕಿಲೋಮೀಟರ್ ದೂರದಲ್ಲಿದ್ದು ಹೊರರಸ್ತೆಯಲ್ಲಿ ಹೋಗಬೇಕು. ಮುಂಬಯಿಯ ಎರಡು ಟರ್ಮಿನಲ್ಲುಗಳದೂ ಇದೇ ಕಥೆ. ಮೊದಲನೆಯದು ಸಾಂತಾಕ್ರೂಜ್ ಕಡೆ, ಅಂತರರಾಷ್ಟ್ರೀಯ ವಿಮಾನಗಳಿರುವ ಎರಡನೆಯದು ಸಹಾರ್ ಕಡೆ. 2025ರ ಡಿಸೆಂಬರ್‌ನಲ್ಲಿ ನವಿ ಮುಂಬಯಿ ನಿಲ್ದಾಣವೂ ಕಾರ್ಯಾರಂಭ ಮಾಡಿರುವುದರಿಂದ ಮುಂಬಯಿ ಎಂದು ಬರೆದಿರುವ ಎರಡು ವಿಮಾನಗಳು ಒಂದೇ ನಿಲ್ದಾಣದವೇ ಎಂಬುದನ್ನೂ ಈಗ ನೋಡಬೇಕಾಗಿದೆ. ಒಂದು ನಿಲ್ದಾಣದಿಂದ ಮತ್ತೊಂದಕ್ಕೆ ನಗರದ ರಸ್ತೆಗಳಲ್ಲಿ ಹೋಗುವುದನ್ನು ಸಂಪರ್ಕ ಎಂದು ಕರೆಯುವುದೇ ಕಷ್ಟ.

ಭಾರತದ ನಿಲ್ದಾಣಗಳಲ್ಲಿ ಟಿಕೆಟ್ ತೋರಿಸದೆ ಹೊರಗಿನಿಂದ ಟರ್ಮಿನಲ್ಲಿನ ಒಳಗೆ ಪ್ರವೇಶವಿಲ್ಲ. ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಗುರುತಿನ ಚೀಟಿಯನ್ನೂ ಟಿಕೆಟ್ಟನ್ನೂ ಪರಿಶೀಲಿಸುತ್ತಾರೆ. ಮೊಬೈಲಿನ ಬ್ಯಾಟರಿ ಮುಗಿದರೆ ಇಲ್ಲಿಯೇ ಹತ್ತು ನಿಮಿಷ ಹೋಗುತ್ತದೆ. ಹಳೆಯ ಕಾಲದ ಸಲಹೆ ಎನಿಸಿದರೂ ಟಿಕೆಟ್ಟಿನ ಕಾಗದದ ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಲೇಸು. ಎರಡು ಟಿಕೆಟ್ಟುಗಳವರಿಗೆ ಇನ್ನೊಂದು ತೊಡಕಿದೆ. ಅವರು ಲಗೇಜು ಪಡೆದು ಹೊರಬಂದು ಅಂತರರಾಷ್ಟ್ರೀಯ ಕೌಂಟರಿನಲ್ಲಿ ಹೊಸದಾಗಿ ಚೆಕ್-ಇನ್ ಮಾಡಬೇಕು. ಆ ಕೌಂಟರುಗಳು ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ, ಕೆಲವು ಸಂಸ್ಥೆಗಳಲ್ಲಿ ಇನ್ನೂ ಮೊದಲೇ ಮುಚ್ಚುತ್ತವೆ. ಆದ್ದರಿಂದ ಅವರ ಗಡುವು ವಿಮಾನದ ವೇಳೆಯಲ್ಲ, ಕೌಂಟರ್ ಮುಚ್ಚುವ ವೇಳೆ. ಇಂತಹವರು ನಾಲ್ಕೈದು ಗಂಟೆಗಳಿಗಿಂತ ಕಡಿಮೆ ಅಂತರವನ್ನು ಆರಿಸಿಕೊಳ್ಳದಿರುವುದು ಒಳಿತು. ದಿನಕ್ಕೆ ಒಂದೆರಡೇ ವಿಮಾನಗಳಿರುವ ಊರುಗಳಿಂದ ಬರುವವರು ಹಿಂದಿನ ದಿನವೇ ಬಂದು ತಂಗಿದರೆ ಅದನ್ನು ಅತಿ ಎಚ್ಚರಿಕೆ ಎನ್ನಲಾಗದು.

ವಲಸೆ ತಪಾಸಣೆಯು ಮೊದಲಿಗಿಂತ ಸರಳವಾಗಿದೆ. ಹೊರಹೋಗುವ ಭಾರತೀಯರು ತುಂಬಬೇಕಿದ್ದ ನಿರ್ಗಮನ ಚೀಟಿಯನ್ನು 2017ರ ಜುಲೈ 1ರಿಂದ ಕೈಬಿಡಲಾಗಿದೆ. ಪೂರ್ವಭಾವಿಯಾಗಿ ನೋಂದಾಯಿಸಿಕೊಂಡವರಿಗೆ ಸ್ವಯಂಚಾಲಿತ ದ್ವಾರಗಳ ಮೂಲಕ ಹೋಗುವ ವ್ಯವಸ್ಥೆಯು 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಆರಂಭವಾಗಿ, 2025ರ ಜನವರಿಯಲ್ಲಿ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದ್ ಸೇರಿದಂತೆ ಇನ್ನೂ ಏಳು ನಿಲ್ದಾಣಗಳಿಗೆ ವಿಸ್ತರಿಸಿತು. ವರ್ಷಕ್ಕೆ ಒಂದೆರಡು ಬಾರಿ ಹೋಗಿಬರುವವರು ಇದಕ್ಕೆ ನೋಂದಾಯಿಸಿಕೊಳ್ಳಬಹುದು.

ಅಂತರರಾಷ್ಟ್ರೀಯದಿಂದ ದೇಶೀಯಕ್ಕೆ

ಹಿಂದಿರುಗುವ ದಿಕ್ಕಿನ ಬದಲಾವಣೆಯೇ ನಿಜವಾಗಿ ಕಠಿಣ. ಇದನ್ನು ಹಲವರು ಗಮನಿಸುವುದಿಲ್ಲ, ಹೋಗುವಾಗ ಸಾಕಾದಷ್ಟೇ ಹೊತ್ತು ಬರುವಾಗಲೂ ಸಾಕೆಂದು ಭಾವಿಸುತ್ತಾರೆ. ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ವಲಸೆ ತಪಾಸಣೆ ಮುಗಿಸಿ, ಪಟ್ಟಿಯ ಮೇಲೆ ಕೊನೆಯ ಊರಿನ ಸಂಕೇತವಿದ್ದರೂ ಲಗೇಜನ್ನು ಪಡೆದು, ಸುಂಕ ತಪಾಸಣೆಯ ಹಸಿರು ಅಥವಾ ಕೆಂಪು ದಾರಿಯಲ್ಲಿ ಹೊರಬಂದು, ದೇಶೀಯ ವರ್ಗಾವಣೆಯ ಕೌಂಟರಿನಲ್ಲಿ ಲಗೇಜನ್ನು ಮತ್ತೆ ಒಪ್ಪಿಸಬೇಕು. ನಂತರ ಭದ್ರತಾ ತಪಾಸಣೆ ಮತ್ತೊಮ್ಮೆ. ಕೆಲವು ನಿರ್ದಿಷ್ಟ ವಿಮಾನಗಳಲ್ಲಿ ಸುಂಕ ತಪಾಸಣೆಯನ್ನು ಕೊನೆಯ ಊರಿನಲ್ಲೇ ಮಾಡುವ ವ್ಯವಸ್ಥೆ ಇದೆ. ಅದು ತಮ್ಮ ಪ್ರಯಾಣಕ್ಕೆ ಅನ್ವಯಿಸುವುದೇ ಎಂಬುದನ್ನು ಹೊರಡುವ ಊರಿನಲ್ಲೇ ಕೇಳಿ ತಿಳಿಯಬೇಕು.

ಇಲ್ಲಿ ಹೊತ್ತನ್ನು ಊಹಿಸಲಾಗದಂತೆ ಮಾಡುವುದು ಲಗೇಜಿನ ಪಟ್ಟಿ. ದೊಡ್ಡ ವಿಮಾನವೊಂದರ ಚೀಲಗಳೆಲ್ಲ ಬರಲು ಮುಕ್ಕಾಲು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಹಿಂದಿರುಗುವ ದಾರಿಗೆ ಮೂರು ಗಂಟೆಗಳಿಗಿಂತ ಹೆಚ್ಚು ಅಂತರವಿರುವ ಟಿಕೆಟ್ಟನ್ನು ಆರಿಸಿಕೊಳ್ಳುವುದು ಜಾಣತನ. ವಿದೇಶದ ಸುಂಕರಹಿತ ಅಂಗಡಿಯಲ್ಲಿ ಕೊಂಡ ದ್ರವ ಪದಾರ್ಥಗಳ ಬಗ್ಗೆಯೂ ಒಂದು ಮಾತು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚಿನ ನಂತರ ಕೈಚೀಲದ ದ್ರವಗಳಿಗೆ 100 ಮಿಲಿಲೀಟರಿನ ಮಿತಿ ಜಗತ್ತಿನ ಬಹುತೇಕ ಕಡೆ ಜಾರಿಗೆ ಬಂದಿತು. ಲಗೇಜನ್ನು ಮತ್ತೆ ಒಪ್ಪಿಸುವ ಮೊದಲೇ ಆ ಸೀಸೆಗಳನ್ನು ಅದರೊಳಗೆ ಇಟ್ಟುಬಿಟ್ಟರೆ ತಪಾಸಣೆಯಲ್ಲಿ ತೊಂದರೆಯಾಗದು. ಪವರ್ ಬ್ಯಾಂಕುಗಳದು ಇದಕ್ಕೆ ವಿರುದ್ಧ. ಅವು ಕೈಚೀಲದಲ್ಲೇ ಇರಬೇಕು.

ಹೊರದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲೂ ಭಾರತದ ಕ್ರಮವೇ ಇದೆ. ಬೆಂಗಳೂರಿನಿಂದ ಲಂಡನ್ ಮಾರ್ಗವಾಗಿ ಷಿಕಾಗೋ, ಅಲ್ಲಿಂದ ಇನ್ನೊಂದು ಊರು ಎಂದಾದರೆ, ಷಿಕಾಗೋದಲ್ಲಿಯೇ ವಲಸೆ ತಪಾಸಣೆ ಮುಗಿಸಿ ಲಗೇಜು ಪಡೆದು ಮತ್ತೆ ಒಪ್ಪಿಸಬೇಕು. ಅಲ್ಲಿ ಆಹಾರ ಪದಾರ್ಥಗಳನ್ನು ಘೋಷಿಸುವುದು ಕಡ್ಡಾಯ. ಉಪ್ಪಿನಕಾಯಿ, ಚಟ್ನಿಪುಡಿ ಹೊತ್ತ ತಂದೆತಾಯಿಯರು ಘೋಷಿಸಿದರೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಮುಚ್ಚಿಟ್ಟರೆ ದಂಡ ಬೀಳಬಹುದು. ಅಬುಧಾಬಿ, ಡಬ್ಲಿನ್ ಮತ್ತು ಶ್ಯಾನನ್ ನಿಲ್ದಾಣಗಳಲ್ಲಿ ಅಮೆರಿಕದ ಅಧಿಕಾರಿಗಳೇ ಇದ್ದು ತಪಾಸಣೆಯನ್ನು ಅಲ್ಲಿಯೇ ಮುಗಿಸುವ ಏರ್ಪಾಡಿದೆ. ಅಬುಧಾಬಿಯಲ್ಲಿ ಇದು 2014ರಲ್ಲಿ ಆರಂಭವಾಯಿತು. ಅಲ್ಲಿಂದ ಹೋದವರು ಅಮೆರಿಕದಲ್ಲಿ ದೇಶೀಯ ಪ್ರಯಾಣಿಕರಂತೆ ಇಳಿಯುತ್ತಾರೆ. ಮುಂದಿನ ಸಂಪರ್ಕ ಹಗುರವಾಗುತ್ತದೆ, ಬದಲಿಗೆ ಅಬುಧಾಬಿಯಲ್ಲಿ ಹೆಚ್ಚು ಹೊತ್ತು ಬೇಕಾಗುತ್ತದೆ.

ಯೂರೋಪಿನ ಷೆಂಗೆನ್ ದೇಶಗಳಲ್ಲಿ ಗಡಿ ಬರುವುದು ಮೊದಲು ಇಳಿಯುವ ನಿಲ್ದಾಣದಲ್ಲಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ರೋಮ್‌ಗೆ ಹೋಗುವವರ ವೀಸಾ ಪರಿಶೀಲನೆ ಫ್ರಾಂಕ್‌ಫರ್ಟಿನಲ್ಲೇ ಆಗುತ್ತದೆ. ರೋಮ್‌ನ ವಿಮಾನ ಆಗ ದೇಶೀಯ ವಿಮಾನದಂತೆಯೇ. ಇದರ ಅರಿವಿಲ್ಲದೆ ಬಿಗಿಯಾದ ಸಂಪರ್ಕ ಆರಿಸಿಕೊಂಡವರಿಗೆ ಅಲ್ಲಿನ ಸಾಲು ಕಂಡು ಗಾಬರಿಯಾಗುವುದು ಸಹಜ.

ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ ಕೆಲವು ದೇಶಗಳು ವೀಸಾ ಕೇಳುತ್ತವೆ. ಅಮೆರಿಕದಲ್ಲಿ ಗಡಿ ದಾಟದೆ ವಿಮಾನ ಬದಲಿಸುವ ವ್ಯವಸ್ಥೆ ಇಲ್ಲವಾದ್ದರಿಂದ ಅಲ್ಲಿ ಭಾರತೀಯರಿಗೆ ವೀಸಾ ಬೇಕೇ ಬೇಕು. ಬ್ರಿಟನ್ನಿನಲ್ಲಿ ಭಾರತೀಯರು ಸಾಗುವಿಕೆಯ ವೀಸಾ ಪಡೆಯಬೇಕು, ಅಮೆರಿಕದಂತಹ ಕೆಲವು ದೇಶಗಳ ವೀಸಾ ಉಳ್ಳವರಿಗೆ ಷರತ್ತುಗಳೊಂದಿಗೆ ವಿನಾಯಿತಿ ಇದೆ. ಎರಡು ಟಿಕೆಟ್ಟುಗಳ ಪ್ರಯಾಣಿಕರು ಲಗೇಜು ಪಡೆಯಲು ಗಡಿ ದಾಟಲೇಬೇಕಾಗುವುದರಿಂದ, ಒಂದೇ ಟಿಕೆಟ್ಟಿನವರಿಗೆ ಬೇಕಿಲ್ಲದ ವೀಸಾ ಅವರಿಗೆ ಬೇಕಾಗಬಹುದು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ಮೊದಲು ಆಯಾ ದೇಶದ ಅಧಿಕೃತ ಜಾಲತಾಣವನ್ನೇ ನೋಡಬೇಕು.

ವೇಳೆ ಮತ್ತು ದಿನಾಂಕ

ಟಿಕೆಟ್ಟಿನ ಮೇಲಿನ ವೇಳೆಗಳೆಲ್ಲ ಆಯಾ ಊರಿನ ಸ್ಥಳೀಯ ವೇಳೆಗಳು. ಭಾರತದಿಂದ ಯೂರೋಪು, ಅಮೆರಿಕಗಳ ಕಡೆ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. 12ನೆಯ ತಾರೀಖು ಬೆಳಗಿನ ಜಾವ 1.30ರ ವಿಮಾನ ಎಂದರೆ ನಿಲ್ದಾಣದಲ್ಲಿ ಇರಬೇಕಾದುದು 11ರ ರಾತ್ರಿ. ಸೂರ್ಯೋದಯದಿಂದ ದಿನವನ್ನು ಎಣಿಸಿ ರೂಢಿಯಿರುವ ನಮ್ಮ ಮನೆಗಳಲ್ಲಿ ಇದು ಗೊಂದಲ ಉಂಟುಮಾಡುವುದುಂಟು. ಎರಡು ಟಿಕೆಟ್ಟುಗಳನ್ನು ಜೋಡಿಸುವವರು 12ರ ಬೆಳಗಿನ ದೇಶೀಯ ವಿಮಾನವನ್ನು ಕಾಯ್ದಿರಿಸಿದರೆ, ಅದು ಬಂದಿಳಿಯುವ ಹೊತ್ತಿಗೆ ವಿದೇಶದ ವಿಮಾನ ಹೋಗಿ ಬಹಳ ಹೊತ್ತಾಗಿರುತ್ತದೆ.

ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಿಂದ, ಬದಲಾಗುತ್ತದೆ. ಹಲವು ತಿಂಗಳ ಮುಂಚೆ ಕೊಂಡ ಟಿಕೆಟ್ಟಿನ ಮೂರು ಗಂಟೆಗಳ ಅಂತರ ಪ್ರಯಾಣದ ದಿನಕ್ಕೆ ಒಂದೂವರೆ ಗಂಟೆಯಾಗಿರಬಹುದು. ಒಂದೇ ಟಿಕೆಟ್ಟಿನಲ್ಲಿ ಇಂತಹ ಬದಲಾವಣೆಯಿಂದ ಸಂಪರ್ಕ ಕೆಟ್ಟರೆ ಸಂಸ್ಥೆಯೇ ಬೇರೆ ವಿಮಾನ ಒದಗಿಸುತ್ತದೆ. ಎರಡು ಟಿಕೆಟ್ಟುಗಳಿದ್ದರೆ ಯಾರೂ ಎಚ್ಚರಿಸುವುದೂ ಇಲ್ಲ.

ಹವಾಮಾನವೂ ಋತುವಿಗೆ ತಕ್ಕಂತೆ ಕಾಡುತ್ತದೆ. ಡಿಸೆಂಬರ್, ಜನವರಿಗಳಲ್ಲಿ ದೆಹಲಿಯ ದಟ್ಟ ಮಂಜು ಪ್ರಸಿದ್ಧ. ದೇವನಹಳ್ಳಿ ಕಡೆಯೂ ಆ ತಿಂಗಳುಗಳ ಮುಂಜಾವಿನಲ್ಲಿ ಮಂಜು ಕವಿಯುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಗೆ ಇಳಿಯಲಾಗದೆ ವಿಮಾನಗಳು ಬೇರೆಡೆಗೆ ತಿರುಗುವುದುಂಟು. ಅಂತಹ ದಿನಗಳಲ್ಲಿ ರಸ್ತೆಯ ದಾರಿಯನ್ನು ನಂಬೋಣವೆಂದರೆ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದಿರಬಹುದು.

ಸಂಪರ್ಕ ತಪ್ಪುವಂತಾದಾಗ

ಮೊದಲ ವಿಮಾನ ತಡವಾಗಿದೆ ಎಂದು ತಿಳಿದ ಕೂಡಲೇ, ಅದನ್ನು ಹತ್ತುವ ಮೊದಲೇ, ಕೌಂಟರಿನಲ್ಲಿ ಮುಂದಿನ ಸಂಪರ್ಕದ ವಿಷಯ ತಿಳಿಸಬೇಕು. ಹಾರಾಟದಲ್ಲಿರುವಾಗ ವಿಮಾನದ ಸಿಬ್ಬಂದಿಗೆ ಹೇಳಿದರೆ ಬಾಗಿಲ ಬಳಿಯ ಆಸನಕ್ಕೆ ಬರಲು ಬಿಡುವುದುಂಟು, ಇಳಿದ ಕೂಡಲೇ ನೆಲದ ಸಿಬ್ಬಂದಿಯೊಬ್ಬರು ಬಂದು ಕರೆದೊಯ್ಯುವುದೂ ಉಂಟು. ವಲಸೆ ತಪಾಸಣೆಯ ಸಾಲಿನಲ್ಲಿ ಬೋರ್ಡಿಂಗ್ ಪಾಸ್ ತೋರಿಸಿ ವಿನಂತಿಸಿಕೊಂಡರೆ ಮುಂದೆ ಬಿಡಬಹುದು. ನಡೆಯಲಾಗದ ಹಿರಿಯರಿಗೆ ಗಾಲಿಕುರ್ಚಿಯ ನೆರವನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಟ್ಟರೆ ಭಾಷೆ ಬಾರದ ನಿಲ್ದಾಣದಲ್ಲೂ ಜೊತೆಗೊಬ್ಬರು ಇರುತ್ತಾರೆ.

ತಪ್ಪಿಯೇ ಹೋದರೆ, ಹೊಸ ಟಿಕೆಟ್ಟನ್ನು ಸ್ವಂತ ಹಣದಿಂದ ಕೊಳ್ಳುವ ಮೊದಲು ಸಂಸ್ಥೆಯ ಕೌಂಟರಿಗೆ ಹೋಗಬೇಕು. ವಿಮಾನ ತಡವಾದ ಬಗ್ಗೆ ಬರಹದಲ್ಲಿ ದೃಢೀಕರಣ ಕೇಳಿ ಪಡೆಯಬೇಕು. ಬೋರ್ಡಿಂಗ್ ಪಾಸಿನ ತುಂಡು, ಲಗೇಜಿನ ಚೀಟಿ, ಊಟ ವಸತಿಯ ರಸೀದಿಗಳನ್ನು ಎಸೆಯಬಾರದು. ಪ್ರಯಾಣ ವಿಮೆ ಮಾಡಿಸಿದ್ದರೆ ಪರಿಹಾರ ಕೇಳಲು ಇವೇ ಆಧಾರ. ಸಂಪರ್ಕಾವಧಿಯು ಗೊತ್ತಾದ ಗಂಟೆಗಳಿಗಿಂತ ಕಡಿಮೆ ಇದ್ದರೆ ಪರಿಹಾರವಿಲ್ಲ ಎಂಬ ಷರತ್ತು ಕೆಲವು ವಿಮೆಗಳಲ್ಲಿ ಇರುತ್ತದೆ. ಅದನ್ನು ಹೊರಡುವ ಮೊದಲೇ ಓದಬೇಕು.

ಪ್ರಯಾಣಿಕರ ಹಕ್ಕುಗಳು

ಅಂತರರಾಷ್ಟ್ರೀಯ ಪ್ರಯಾಣದ ವಿಳಂಬಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತವು 2009ರಲ್ಲಿ ಇದಕ್ಕೆ ಸೇರಿತು. ವಿಳಂಬದಿಂದಾದ ನಷ್ಟಕ್ಕೆ ಸಂಸ್ಥೆ ಹೊಣೆ ಎಂದು ಅದರ 19ನೆಯ ವಿಧಿ ಹೇಳುತ್ತದೆ. ತಡೆಯಲು ಸಾಧ್ಯವಿದ್ದ ಎಲ್ಲ ಕ್ರಮಗಳನ್ನು ಕೈಗೊಂಡಿದ್ದೇವೆ ಎಂದು ಸಂಸ್ಥೆ ಸಾಬೀತುಪಡಿಸಿದರೆ ಹೊಣೆಯಿಲ್ಲ. ಲಗೇಜು ಹಾಳಾಗಿದ್ದರೆ 7 ದಿನಗಳೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ದಾವೆ ಹೂಡಲು ಎರಡು ವರ್ಷಗಳ ಮಿತಿಯಿದೆ.

ಯೂರೋಪಿನ ಒಕ್ಕೂಟದಲ್ಲಿ 2004ರ 261ನೆಯ ನಿಯಮಾವಳಿ ಇನ್ನೂ ಬಲವಾದುದು. 2013ರ ಫೆಬ್ರವರಿಯಲ್ಲಿ ಒಕ್ಕೂಟದ ನ್ಯಾಯಾಲಯ ಕೊಟ್ಟ ತೀರ್ಪೊಂದು ಸಂಪರ್ಕ ವಿಮಾನಗಳಿಗೇ ಸಂಬಂಧಿಸಿದ್ದು. ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪೌಲೊ ಮಾರ್ಗವಾಗಿ ಪರಾಗ್ವೆಯ ಅಸುನ್ಸಿಯೋನ್‌ಗೆ ಹೊರಟ ಪ್ರಯಾಣಿಕರೊಬ್ಬರ ಮೊದಲ ವಿಮಾನ ಸುಮಾರು ಎರಡೂವರೆ ಗಂಟೆ ತಡವಾಗಿ, ಸಂಪರ್ಕಗಳು ತಪ್ಪಿ, ಅವರು ಕೊನೆಯ ಊರನ್ನು 11 ಗಂಟೆ ತಡವಾಗಿ ತಲುಪಿದ್ದರು. ಎಣಿಸಬೇಕಾದದ್ದು ಮೊದಲ ವಿಮಾನದ ವಿಳಂಬವನ್ನಲ್ಲ, ಕೊನೆಯ ಊರು ತಲುಪುವಲ್ಲಿ ಆದ ವಿಳಂಬವನ್ನು ಎಂದು ನ್ಯಾಯಾಲಯ ಹೇಳಿತು.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ವಿಮಾನ ತಡವಾದಾಗ ಉಪಾಹಾರ, ದೀರ್ಘ ವಿಳಂಬದಲ್ಲಿ ಬೇರೆ ವಿಮಾನ ಅಥವಾ ಹಣ ವಾಪಸು, ಕೆಲವು ಸಂದರ್ಭಗಳಲ್ಲಿ ವಸತಿ ಒದಗಿಸಬೇಕೆಂದು ಹೇಳುತ್ತವೆ. ಹವಾಮಾನದಂತಹ ಸಂಸ್ಥೆಯ ಕೈಮೀರಿದ ಕಾರಣಗಳಿಗೆ ನಗದು ಪರಿಹಾರವಿಲ್ಲ.

ಒಂದೇ ಒಪ್ಪಂದದಲ್ಲಿ ಇಲ್ಲದ ಪ್ರಯಾಣಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ 2021ರ ಸೆಪ್ಟೆಂಬರ್ ತೀರ್ಪೊಂದು ಗಮನಾರ್ಹ. 2016ರಲ್ಲಿ ಜಮ್ಮುವಿಗೆ ರೈಲು ಸುಮಾರು ನಾಲ್ಕು ಗಂಟೆ ತಡವಾಗಿ ತಲುಪಿದ್ದರಿಂದ ಕುಟುಂಬವೊಂದಕ್ಕೆ ಶ್ರೀನಗರದ ವಿಮಾನ ತಪ್ಪಿತ್ತು. ಅವರು ಟ್ಯಾಕ್ಸಿಯಲ್ಲಿ ಹೋಗಬೇಕಾಯಿತು. ವಿಳಂಬಕ್ಕೆ ಕಾರಣವನ್ನು ರೈಲ್ವೆಯು ವಿವರಿಸಿ ಸಮರ್ಥಿಸದ ಹೊರತು ಪರಿಹಾರ ಕೊಡಲೇಬೇಕು ಎಂದು ನ್ಯಾಯಾಲಯ ತೀರ್ಮಾನಿಸಿ ಗ್ರಾಹಕ ವೇದಿಕೆಗಳ ಆದೇಶವನ್ನು ಎತ್ತಿಹಿಡಿಯಿತು. ರೈಲ್ವೆ ಕೊಡಬೇಕಾಗಿ ಬಂದ ಮೊತ್ತ 30,000 ರೂಪಾಯಿ, ಪ್ರಕರಣ ಮುಗಿಯಲು ಹಿಡಿದದ್ದು ಐದು ವರ್ಷ.